ಬಂಬಿಗೆ ಕೆಂಡ ಹಾಕಿದ್ದು ಯಾರು

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ಹಾಗಂತ ಯಾರೂ ಯಾರನ್ನೂ ಬಿಟ್ಟಿರುತ್ತಲೂ ಇರಲಿಲ್ಲ. ಆಯಿ, ಅಂದರೆ ಅಪ್ಪನ ತಾಯಿ, ಸಕ್ಕರೆ ಡಬ್ಬಿ ಮುಚ್ಚುವ ಮುಂಚೆ ಸಕ್ಕರೆಯ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದಿಡುತ್ತಿದ್ದಳು. ಗೆರೆ ಅಳಿಸಿದ್ದರೆ ಯಾರೋ ಕೈ ಹಾಕಿದ್ದಾರೆ ಎಂದು ಅರ್ಥ. ಅವ್ವ ಮದುವೆಯಾಗಿ ಬಂದ ಮೊದಲ ವರ್ಷದಲ್ಲೇ ಸಕ್ಕರೆ ತೆಗೆದುಕೊಂಡು ಮತ್ತೆ ಅಂಥದೇ ಗೆರೆ ಎಳೆಯುವುದನ್ನು ಕಲಿತಿದ್ದಳು. ಅಪ್ಪ ಭಾಲ್ಕಿಯಿಂದ ಬೀದರಿಗೆ ಓಡುವ ಬಸ್ಸಿನ ಕಂಡಕ್ಟರ್. ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೂ ನಮ್ಮೆಲ್ಲರ ಮುಖವನ್ನು ಟಿಕೆಟ್ ತೆಗೆಸದೆ ಕೂತವರ ಮುಖ ನೋಡಿದಂತೆ ನೋಡುತ್ತಿದ್ದ. ಇಂಥವರ ನಡುವೆ ಬೆಳೆದವಳು ನಾನು. ಇವತ್ತಿಗೂ ಯಾರಾದರೂ ಕಾರಣವಿಲ್ಲದೆ ನನಗೆ ಒಳ್ಳೆಯದು ಮಾಡಿದರೆ, ಇವರಿಗೆ ಏನು ಬೇಕಾಗಿದೆ ಎಂದು ಮೊದಲು ಯೋಚಿಸುತ್ತೇನೆ.

ಭಾಲ್ಕಿಯ ಹಳೇ ಓಣಿಯಲ್ಲಿ ನಮ್ಮದು ಕೆಂಪು ಕಲ್ಲಿನ ಮನೆ. ನಡುವೆ ಉದ್ದನೆಯ ಪಡಸಾಲೆ, ಒಂದು ಕಡೆ ಅಡುಗೆಮನೆ, ಅದಕ್ಕೆ ಹೊಂದಿಕೊಂಡು ಕಟ್ಟಿಗೆ ಕೋಣೆ, ಅದರಾಚೆ ಬಚ್ಚಲು. ಸ್ನಾನದ ನೀರು ಕಾಯುತ್ತಿದ್ದುದು ಮಾತ್ರ ಹಿತ್ತಲಲ್ಲಿ, ಬಯಲಲ್ಲಿ, ಮೂರು ಕಲ್ಲಿನ ಮೇಲೆ ಇಟ್ಟ ಹಂಡೆಯಲ್ಲಿ. ಅದು ಆಯಿಯ ರಾಜ್ಯ. ನಸುಕಿನಲ್ಲಿ ಅವಳು ಅಡುಗೆ ಒಲೆಯ ಬೂದಿ ಕೆದಕಿ, ಒಳಗೆ ಜೀವ ಹಿಡಿದಿದ್ದ ಕೆಂಡವನ್ನು ಒಂದು ಹಂಚಿನ ಚೂರಿನ ಮೇಲೆ ಇಟ್ಟುಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ತೊಗರಿ ಕಟ್ಟಿಗೆ ಚಟಚಟ ಎನ್ನುವ ಸದ್ದಿಗೆ ನಮಗೆ ಬೆಳಗಾಗುತ್ತಿತ್ತು. ಹಂಡೆಯ ಪಕ್ಕ ಮಣೆ ಹಾಕಿ ಕೂತು ಅವಳೇ ಎಲ್ಲರಿಗೂ ನೀರು ತೋಡಿ ಕೊಡುವವಳು. ಯಾರು ತಲೆಗೆ ನೀರು ಹಾಕಿಕೊಂಡರು, ಯಾರು ಬರೀ ಮೈಗೆ, ಯಾಕೆ ಇವತ್ತು, ನಿನ್ನೆ ಯಾಕಿಲ್ಲ, ಎಲ್ಲವೂ ಅವಳಿಗೆ ಗೊತ್ತಾಗಬೇಕು. ಸೊಸೆಯ ತಿಂಗಳ ಲೆಕ್ಕ ಸೊಸೆಗಿಂತ ಮೊದಲು ಆಯಿಗೆ ತಿಳಿಯುತ್ತಿತ್ತು. ಅವ್ವ ಒದ್ದೆ ಕೂದಲು ಕಟ್ಟಿಕೊಂಡು ಆ ಮಣೆಯ ಮುಂದೆ ಹಾದುಹೋಗುವಾಗ ತಲೆ ತಗ್ಗಿಸುತ್ತಿದ್ದುದು ನನಗೆ ನೆನಪಿದೆ. ಯಾಕೆಂದು ಆಗ ತಿಳಿಯುತ್ತಿರಲಿಲ್ಲ.

ಒಂದು ಚಳಿಗಾಲದ ಆರಂಭದಲ್ಲಿ ಅವ್ವ ಊಟ ಬಡಿಸುತ್ತ, ಪುಂಡಿಪಲ್ಯದ ಮೇಲೆ ಎಣ್ಣೆ ಹಾಕುವಷ್ಟೇ ಸಹಜವಾಗಿ ಹೇಳಿದಳು.

"ಕಟ್ಟಿಗಿ ಕೋಣ್ಯಾಗ ಒಂದು ಬಂಬ ಕೂಡಿಸಿದ್ರ ಹ್ಯಾಂಗ್ರಿ? ನಸಕಿನ ಗಾಡಿಗಿ ಹೋಗೋರು ನೀವು. ಹಿತ್ತಲದಾಗ ಥಂಡಿ ಗಾಳ್ಯಾಗ ಅತ್ತಿ ಕುಂದ್ರತಾರ. ಬಂಬಿನ ನೀರು ನಳದಾಗ ಸೀದಾ ಬಚ್ಚಲಕ್ಕ ಬರ್ತದ."

ಬಂಬ ಎಂದರೆ ತಾಮ್ರದ ದೊಡ್ಡ ಉರುಳೆ. ಸುತ್ತ ನೀರು, ನಡುವೆ ಕೊಳವೆ, ಕೆಳಗೆ ಬೆಂಕಿ. ಬೀದರಿನ ದೊಡ್ಡ ಮನೆಗಳಲ್ಲಿ ಇತ್ತು, ನಮ್ಮ ಓಣಿಯಲ್ಲಿ ಇರಲಿಲ್ಲ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವ್ವನ ಮುಖ ನೋಡಿದ. ಆಯಿಯೂ ನೋಡಿದಳು. ಅತ್ತೆಗೆ ಥಂಡಿ ಆಗುತ್ತದೆ ಎಂದು ಸೊಸೆ ಮರುಗಿದ್ದು ಆ ಮನೆಯಲ್ಲಿ ಅದೇ ಮೊದಲು. ಅನುಮಾನ ಬರಲು ಅಷ್ಟು ಸಾಕಿತ್ತು.

ಆಯಿಯ ಅನುಮಾನಕ್ಕೆ ಒಂದು ಆಧಾರವೂ ಇತ್ತು. ಮುತ್ಯಾ, ಅಂದರೆ ನನ್ನ ಅಜ್ಜ, ತೀರಿಹೋದ ಮೇಲೆ ಮನೆ ಇಬ್ಬರು ಮಕ್ಕಳಿಗೂ ಸೇರಿದ್ದಾಗಿ ಒಂದಾಗಿಯೇ ಉಳಿದಿತ್ತು. ಚಿಕ್ಕವನಾದ ಬಸವರಾಜ ಕಾಕಾ ಔರಾದಿನಲ್ಲಿ ಸಾಲಿ ಮಾಸ್ತರ. ಅಲ್ಲಿ ಬಾಡಿಗೆ ಮನೆ. ಇಲ್ಲಿ ಒಲೆ ಒಂದಾಗಿರುವವರೆಗೆ ಯಾರೂ ಪಾಲಿನ ಮಾತು ಎತ್ತಬಾರದೆಂದು ಆಯಿ ಇಬ್ಬರಿಂದಲೂ ಲಿಂಗ ಮುಟ್ಟಿಸಿ ಆಣೆ ತೆಗೆದುಕೊಂಡಿದ್ದಳು. ನಮ್ಮ ಕಡೆ ಮನೆ ಒಡೆಯಿತು ಎಂದು ಯಾರೂ ಹೇಳುವುದಿಲ್ಲ. ಒಲೆ ಎರಡಾದವು ಎನ್ನುತ್ತಾರೆ. ಎದುರು ಮನೆಯಲ್ಲಿ ಹಾಗೆ ಆದಾಗ ಪಡಸಾಲೆಯ ನಟ್ಟನಡುವೆ ಗೋಡೆ ಎದ್ದಿತ್ತು. ಆ ಗೋಡೆ ಒಂದು ಕಿಟಕಿಯನ್ನು ಅರ್ಧಕ್ಕೆ ಸೀಳಿತ್ತು. ಒಂದು ರೆಕ್ಕೆ ಅಣ್ಣನದು, ಒಂದು ತಮ್ಮನದು. ಆಯಿ ಆ ಕಿಟಕಿಯತ್ತ ನೋಡದಂತೆ ಸೆರಗು ಮರೆ ಮಾಡಿಕೊಂಡು ನಮ್ಮ ಕಟ್ಟೆಯ ಮೇಲೆ ಕೂರುತ್ತಿದ್ದಳು.

"ಹಿತ್ತಲದಾಗಿಂದು ಒಲಿ ಅಲ್ಲ, ಅದಕ್ಕ ಮ್ಯಾಲ ಸೂರಿಲ್ಲ. ಸೂರಿನ ಕೆಳಗ ಬೆಂಕಿ ಕುಂತ್ರ ಅದು ಒಲಿನೇ. ಇವತ್ತ ನೀರು, ನಾಳಿ ಅನ್ನ," ಎಂದಳು ಆಯಿ.

"ಯವ್ವ, ಅದು ಮಶೀನು," ಎಂದ ಅಪ್ಪ. "ಮಶೀನಿಗಿ ಒಲಿ ಅಂತಾರೇನು? ಹಂಗಾರ ನಮ್ಮ ಬಸ್ಸಿನ ಇಂಜಿನ್ನೂ ಒಲಿನೇ."

ಬಿಸಿನೀರಿನ ಆಸೆ ಅಪ್ಪನಿಗೂ ಹತ್ತಿತ್ತು. ಕೊನೆಗೆ ಆಯಿ ಒಪ್ಪಿದಳು, ಒಂದು ಷರತ್ತಿನ ಮೇಲೆ. ಬಂಬಿಗೆ ಮೊದಲ ಬೆಂಕಿ ಅಡುಗೆ ಒಲೆಯ ಕೆಂಡದಿಂದಲೇ ಆಗಬೇಕು, ಅದನ್ನು ಅವಳೇ ತಂದು ಹಾಕಬೇಕು. ಸೋಮವಾರ ಬೆಳಿಗ್ಗೆ ಪೂಜೆ ಮಾಡಿ ಹಚ್ಚುವುದೆಂದು ಗೊತ್ತಾಯಿತು. ಅವಳ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಕೆಂಡದಿಂದ ಹತ್ತಿದ ಒಲಿ ಮಗಳಿದ್ದಂಗ. ಕಡ್ಡಿ ಗೀರಿ ಹಚ್ಚಿದ್ದು ಸವತಿ ಇದ್ದಂಗ. ತಿಳೀತಿಲ್ಲೋ?"

ಕೇಳಿದ್ದು ಅಪ್ಪನನ್ನು, ನೋಡಿದ್ದು ಅವ್ವನನ್ನು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಬೆಲ್ಲದ ಚೂರು ಕೈಗಿಟ್ಟು, "ಶಕ್ಕು, ನಿಮ್ಮವ್ವನ ಮ್ಯಾಲ ಕಣ್ಣಿಡು," ಎಂದಳು. ಅದೇ ಸಂಜೆ ಅವ್ವ ಹುರಿದ ಶೇಂಗಾ ಕೊಟ್ಟು, "ಆಯಿ ಏನಂದಳು?" ಎಂದು ಕೇಳಿದಳು. ಎರಡೂ ಕಡೆಯಿಂದ ತಿಂದು ಆ ವಾರ ನನ್ನ ಕೆನ್ನೆ ಉಬ್ಬಿದ್ದವು.

ಬಂಬ ಕೂಡಿಸಲು ಬೀದರಿನ ಹಳೇ ಶಹರದಿಂದ ಮಸ್ತಾನ್ ಚಾಚಾ ಬಂದರು. ಅಪ್ಪನ ಬಸ್ಸಿನ ಟಾಪಿನ ಮೇಲೆ ಗೋಣಿತಟ್ಟಿನಲ್ಲಿ ಸುತ್ತಿದ್ದ ಬಂಬ, ಕೆಳಗೆ ಸೀಟಿನಲ್ಲಿ ಚಾಚಾ. ಮಾತಿನ ಮನುಷ್ಯ. ಕೆಲಸಕ್ಕಿಂತ ಮಾತು ಹೆಚ್ಚು, ಮಾತಿಗಿಂತ ಬೀಡಿ ಹೆಚ್ಚು. ಕಟ್ಟಿಗೆ ಕೋಣೆಯ ಮಾಳಿಗೆಗೆ ಹೊಗೆಯ ಕೊಳವೆ ಹಾಯಿಸಲು ತೂತು ಹೊಡೆದಾಗ ಕೆಂಪು ಮಣ್ಣು ಸುರಿದು ಅವರ ಗಡ್ಡವೆಲ್ಲ ಕೆಂಪಾಯಿತು. ಆಯಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕಾವಲು ಕಾಯುತ್ತಿದ್ದಳು. ಹತ್ತಿರ ಹೋಗಿ ಬಂಬಿನ ಹೊಟ್ಟೆಯ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿದಳು.

"ಇದೇನ್ರಿ, ಹಪ್ಪಳ ಇದ್ದಂಗ ಅದ! ತಾಮ್ರ ಹೌದಲ್ಲೊ?"

"ಅಮ್ಮಾ, ಫಿಕರ್ ಬ್ಯಾಡ್ರಿ. ನಿಮ್ಮ ಮೊಮ್ಮಗಳ ಮದಿವಿ ನೀರು ಇದರಾಗೇ ಕಾಯ್ತದ."

"ಹೊಗಿ ಮನ್ಯಾಗ ತುಂಬಿ ನಾವೆಲ್ಲಾ ಸತ್ತ ಮ್ಯಾಲ ಮದಿವಿ ಯಾರದು?"

ಚಾಚಾ ಕೊಳವೆಯನ್ನು ತೋರಿಸಿ, ಹೊಗೆ ಸೀದಾ ಆಸಮಾನಕ್ಕೆ ಹೋಗುತ್ತದೆ ಎಂದರು. ಗೋಡೆಯಲ್ಲಿ ಕೊರೆದು ಬಚ್ಚಲಿಗೆ ನಳ ಹಾಯಿಸಿದರು. ಬುಡಕ್ಕೆ ಕಲ್ಲು ಕೊಟ್ಟು ಬಂಬ ನಿಲ್ಲಿಸಿ, ಅವ್ವ ತಂದುಕೊಟ್ಟ ಕೊಡಗಳಿಂದ ನೀರು ತುಂಬಿದರು. ಅಷ್ಟು ಹೊತ್ತಿಗೆ ಓಣಿಯ ನೀಲಮ್ಮ ಅತ್ತಿ, ಅವರ ಮನೆಯ ಎಮ್ಮೆ ಈಯುತ್ತಿದೆ ಎಂದು ಆಯಿಯನ್ನು ಕೂಗಿದಳು. ಎಮ್ಮೆ ಈಯುವಲ್ಲಿ ಆಯಿ ಇರಲೇಬೇಕು. ಹೋಗುವಾಗ ನನ್ನನ್ನು ನೋಡಿ ಕಣ್ಣಿನಲ್ಲೇ, ಇಲ್ಲೇ ನಿಲ್ಲು, ಎಂದಳು. ಅದು ಭಾನುವಾರ ಮಧ್ಯಾಹ್ನ.

ಚಾಚಾ ಬಂಬಿನ ಸುತ್ತ ಒಮ್ಮೆ ತಿರುಗಿ, ಬೆಸುಗೆಗಳ ಮೇಲೆ ಕೈಯಾಡಿಸಿದರು. ಬೆಂಕಿ ಹಾಕದೆ ಸೋರುವುದು ತಿಳಿಯುವುದಿಲ್ಲ, ನೀರು ಕಾದಾಗಲೇ ಬೆಸುಗೆಯ ನಿಜ ಬಣ್ಣ ಗೊತ್ತಾಗುವುದು ಎಂದರು. ಬೀಡಿ ಬಾಯಿಗಿಟ್ಟು ಜೇಬು ತಡವಿದರು. ಆಮೇಲೆ ಕೈಯಲ್ಲಿ ಕಡ್ಡಿಪೆಟ್ಟಿಗೆ ಇತ್ತು. ಒಂದು ಕಡ್ಡಿ ಗೀರಿ ಬೀಡಿ ಹಚ್ಚಿಕೊಂಡರು. ಅದೇ ಕಡ್ಡಿಯನ್ನು ಬಂಬಿನ ಕೆಳಗೆ ತುರುಕಿದ್ದ ತೊಗರಿ ಸಿಬಿರಿಗೆ ಮುಟ್ಟಿಸಿದರು. ಧಗ್ ಎಂದಿತು. ಅವ್ವ ಅಲ್ಲೇ ಇದ್ದಳು, ಒಂದು ಕೈ ದೂರದಲ್ಲಿ. ಬ್ಯಾಡ್ರಿ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಬೆಂಕಿಯನ್ನೇ ನೋಡುತ್ತ ನಿಂತಳು, ತವರಿನಿಂದ ಯಾರೋ ಬಂದಾಗ ನೋಡುವಂತೆ.

ಆಯಿ ಹೊಗೆಯನ್ನು ಓಣಿಯಿಂದಲೇ ನೋಡಿದಳಂತೆ. ಕೈಗೆ ಹತ್ತಿದ್ದ ಕರುವಿನ ಲೋಳೆ ತೊಳೆಯದೆ ಓಡಿಬಂದಳು.

"ಕೆಂಡ ಯಾರು ತಂದ್ರು?"

ಚಾಚಾ ನಕ್ಕು, ಕಟ್ಟೆಯ ಮೇಲಿದ್ದ ಕಡ್ಡಿಪೆಟ್ಟಿಗೆ ತೋರಿಸಿ, "ಕೆಂಡ ಯಾಕಮ್ಮಾ? ಒಂದೇ ಕಡ್ಡಿಗಿ ಹತ್ಯಾದ ನೋಡ್ರಿ. ಒಂದು ಹನಿ ಸೋರಿಲ್ಲ," ಎಂದರು. ಆಯಿ ಆ ಪೆಟ್ಟಿಗೆಯನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬೈಯುತ್ತಾಳೆ ಎಂದು ನಾನು ಕಿವಿ ಮುಚ್ಚಿಕೊಳ್ಳಲು ತಯಾರಾಗಿದ್ದೆ. ಅವಳು ಬೈಯಲಿಲ್ಲ. ಪೆಟ್ಟಿಗೆಯನ್ನು ಸೊಂಟದ ಎಲೆಯಡಿಕೆ ಚೀಲಕ್ಕೆ ಹಾಕಿ ದಾರ ಎಳೆದು, ಪಡಸಾಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು.

ಮರುದಿನದಿಂದ ಆಯಿ ತಣ್ಣೀರು ಮೈಗೆ ಹಾಕಿಕೊಳ್ಳತೊಡಗಿದಳು. ಬೀದರ್ ಕಡೆಯ ಚಳಿ ಎಂದರೆ ಎಲುಬಿಗೆ ಇಳಿಯುವ ಚಳಿ. ಅವಳು ಬಚ್ಚಲಲ್ಲಿ ಹೂಂ ಹೂಂ ಎಂದು ನಡುಗುವುದು ಕೇಳುತ್ತಿತ್ತು. ಪಕ್ಕದಲ್ಲೇ ಬಂಬಿನ ನಳದಲ್ಲಿ ಸುಡುವ ನೀರು. ಅಪ್ಪ ಬೇಡಿಕೊಂಡ, ಸಿಟ್ಟು ಮಾಡಿದ. "ಸವತಿ ಮನಿ ನೀರು ನನಗ ಬ್ಯಾಡ," ಎಂದಳು. ಅವ್ವನಿಗೆ ಮಾತ್ರ ಆ ದಿನಗಳು ಹಬ್ಬ. ಬಾಗಿಲು ಹಾಕಿಕೊಂಡು, ನಳ ತಿರುವಿ, ಬೇಕಾದಷ್ಟು ನೀರು ಸುರಿದುಕೊಳ್ಳುತ್ತಿದ್ದಳು. ಅವಳು ಬಚ್ಚಲಲ್ಲಿ ಗುನುಗುವುದನ್ನು ನಾನು ಕೇಳಿದ್ದು ಆಗಲೇ. ಒಂದು ಮಧ್ಯಾಹ್ನ ಆಯಿ ಮಲಗಿದ್ದಾಗ ಬಂಬಿನ ಕೆಂಡದಲ್ಲಿ ಬದನೆಕಾಯಿ ಸುಟ್ಟು, ಹಸಿಮೆಣಸು ಉಪ್ಪು ಬೆಳ್ಳುಳ್ಳಿ ಹಾಕಿ ಕಿವುಚಿ, ನನಗೆ ರೊಟ್ಟಿಯ ಮೇಲೆ ಹಚ್ಚಿಕೊಟ್ಟಳು. ಅಂಥ ಭರ್ತಾ ಮತ್ತೆ ತಿಂದಿಲ್ಲ. ಇವತ್ತು ನೀರು, ನಾಳೆ ಅನ್ನ ಎಂದಿದ್ದಳಲ್ಲ ಆಯಿ, ಆ ಮಾತು ಬದನೆಕಾಯಿಯ ಜೊತೆಗೆ ನನ್ನ ಗಂಟಲಲ್ಲಿ ಇಳಿಯಿತು.

ಇತ್ತ ನೀಲಮ್ಮ ಅತ್ತಿ ಸುಮ್ಮನಿರುವವಳೇ? ಮಾಳಿಗೆಯ ಮೇಲೆ ಎರಡು ಕಡೆ ಹೊಗೆ ಏಳುವುದನ್ನು ಅವಳು ನೋಡಿದ್ದಳು, ಆಯಿ ತಣ್ಣೀರು ಹೊಯ್ದುಕೊಳ್ಳುವುದನ್ನು ಕೇಳಿದ್ದಳು. ಹೊಗೆ ಇದ್ದಲ್ಲಿ ಬೆಂಕಿ. ಬೆಂಕಿ ಎರಡಾದರೆ ಮನೆ ಎರಡು. ಒಂದು ದಿನ ಅಪ್ಪ ಹಲಬರ್ಗಾ ಸ್ಟಾಪಿನಲ್ಲಿ ಟಿಕೆಟ್ ಹರಿಯುತ್ತಿದ್ದಾಗ ಹಿಂದಿನ ಸೀಟಿನ ಮುದುಕನೊಬ್ಬ ಪಕ್ಕದವನಿಗೆ ಹೇಳುತ್ತಿದ್ದನಂತೆ.

"ಭಾಲ್ಕಿ ಕಂಡಕ್ಟರ್ ಒಬ್ಬಾಂವ ತಾಯಿಗಿ ಬ್ಯಾರಿ ಹಾಕ್ಯಾನಂತ. ಮುದುಕಿಗಿ ಬಿಸಿನೀರೂ ಕೊಡಲ್ಲಂತ."

ಅಪ್ಪ ಅವನ ಕೈಯಿಂದ ಚಿಲ್ಲರೆ ತೆಗೆದುಕೊಳ್ಳುವುದನ್ನೇ ಮರೆತು ಬಂದ. ಬಸ್ಸಿಗೆ ಬಂದ ಸುದ್ದಿ ಔರಾದಿಗೆ ಮುಟ್ಟದೆ ಇರುತ್ತದೆಯೇ? ವಾರ ಕಳೆಯುವುದರೊಳಗೆ ಬಸವರಾಜ ಕಾಕಾ ಬಂದಿಳಿದ. ನನಗೆ ಪೇಪರ್‌ಮಿಂಟು ತರಲಿಲ್ಲ. ಅದರಿಂದಲೇ ನನಗೆ ಗೊತ್ತಾಯಿತು, ಇದು ಸುಮ್ಮನೆ ಬಂದದ್ದಲ್ಲ ಎಂದು. ಕೂಡ್ರದೆ, ನೀರು ಕುಡಿಯದೆ, ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಕಣ್ಣಿನಲ್ಲೇ ಅಳತೆ ಹಾಕಿದ. ನಡುವಿನ ಕಿಟಕಿಯ ಮೇಲೆ ಅವನ ಕಣ್ಣು ನಿಂತಿತು. ಆಯಿ ಅದನ್ನು ನೋಡಿದಳು.

"ಅಣ್ಣಾ, ಒಲಿ ಎರಡಾಗ್ಯಾವಂತ. ಆಣಿ ಮುರದಾಂವ ನಾನಲ್ಲ. ನನ್ನ ಪಾಲು ನನಗ ತೋರಸು."

"ಅದು ನೀರು ಕಾಸೋ ಬಂಬಲೇ, ಮೂರ್ಖಾ!"

"ಬಂಬ ಇರಲಿ, ತುಂಬ ಇರಲಿ. ಹಚ್ಚಿದ್ದು ಹ್ಯಾಂಗ, ಅದು ಹೇಳು. ಕೆಂಡಲೆ ಹಚ್ಚೀರೋ, ಕಡ್ಡಿ ಗೀರೀರೋ?"

ಭಾನುವಾರ ಅಪ್ಪ ಡ್ಯೂಟಿಯಲ್ಲಿದ್ದ, ನೋಡಿರಲಿಲ್ಲ. ಆದರೆ ಕೇಳಿ ತಿಳಿದಿದ್ದ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಮುಖದಲ್ಲಿ ಏನೂ ಇಲ್ಲ. ಕಾಕಾ ನನ್ನತ್ತ ತಿರುಗಿದ. ಸಾಲಿಯಲ್ಲಿ ಪ್ರಶ್ನೆ ಕೇಳುವ ದನಿಯಲ್ಲೇ ಕೇಳಿದ.

"ಶಕ್ಕು, ನೀ ಖರೇ ಹೇಳು. ಕೆಂಡ ಯಾರು ತಂದಿದ್ರು?"

ಒಂದು ಕಡೆ ಬೆಲ್ಲ, ಒಂದು ಕಡೆ ಶೇಂಗಾ. ಖರೇ ಹೇಳಿದರೆ ನಮ್ಮ ಪಡಸಾಲೆಯಲ್ಲಿ ಗೋಡೆ ಏಳುತ್ತದೆ, ನಾನು ಕೂತು ಅಭ್ಯಾಸ ಮಾಡುವ ಕಿಟಕಿ ಎರಡಾಗುತ್ತದೆ ಎಂಬುದು ನನಗೂ ತಿಳಿಯುತ್ತಿತ್ತು. ಬಾಯಿ ತೆರೆಯುವ ಮುಂಚೆ ಗೋಡೆಯ ಕಡೆಯಿಂದ ಆಯಿಯ ದನಿ ಬಂತು.

"ಕೂಸಿಗ್ಯಾಕ ಕೇಳ್ತಿ? ನನಗ ಕೇಳು. ಕೆಂಡ ನಾ ಒಯ್ದು ಹಾಕೀನಿ. ಈ ಕೈಲೆ."

ಚಾಚಾ ಕಡ್ಡಿ ಗೀರುವಾಗ ಎಮ್ಮೆಯ ಕರುವನ್ನು ಹಿಡಿದಿದ್ದ ಕೈ ಅದು. ನಾನು ಅವ್ವನನ್ನು ನೋಡಿದೆ. ಅವ್ವ ಆಯಿಯನ್ನೇ ನೋಡುತ್ತಿದ್ದಳು. ಕಾಕಾ ಅಷ್ಟಕ್ಕೆ ಬಿಡುವವನಲ್ಲ. ಅವನೂ ಇದೇ ಮನೆಯಲ್ಲಿ ಬೆಳೆದವನು.

"ಹಂಗಾರ ನೀ ಯಾಕ ತಣ್ಣೀರು ಹಾಕ್ಕೋತಿ ಯವ್ವ?"

"ಮೈ ಕಾದಿತ್ತು, ಅದಕ್ಕ. ಇವತ್ತ ಇಳದದ," ಎಂದು ಆಯಿ ಎದ್ದಳು. "ಶಕ್ಕು, ಬಕೀಟು ಇಡು ನಳದ ಕೆಳಗ. ತುಂಬ ಇಡು."

ಮಗನ ಕಣ್ಣೆದುರಿಗೇ ಬಚ್ಚಲಿಗೆ ಹೋಗಿ ತಲೆಗೂ ಮೈಗೂ ಬಿಸಿನೀರು ಹಾಕಿಕೊಂಡು ಬಂದಳು. ಬಂದವಳೇ ಟವೆಲನ್ನು ಕಾಕಾನ ಹೆಗಲ ಮೇಲೆ ಒಗೆದು, "ನಡಿ, ನೀನೂ ಹಾಕ್ಕೋ. ಔರಾದಿನ ಧೂಳ ಮೈತುಂಬ ಅದ," ಎಂದಳು. ಆ ಮನೆಯ ನೀರನ್ನು ಮೈಗೆ ಹಾಕಿಕೊಂಡ ಮೇಲೆ ಆ ಒಲೆ ನನ್ನದಲ್ಲ ಎಂದು ಹೇಳಲು ಯಾವ ಬಾಯಿ ಇರುತ್ತದೆ? ಕಾಕಾನಿಗೂ ಅದು ಗೊತ್ತು. ಆದರೆ ತಾಯಿಯನ್ನು ಸುಳ್ಳುಗಾತಿ ಎನ್ನುವುದು ಅವನಿಂದ ಆಗಲಿಲ್ಲ. ಹೋದ, ಹಾಕಿಕೊಂಡ, ಕೆಂಪಗಾಗಿ ಹೊರಗೆ ಬಂದ. ಊಟಕ್ಕೆ ಅವ್ವ ಬದನೆಕಾಯಿ ಭರ್ತಾ ಬಡಿಸಿದಳು. ಕಾಕಾ ಬೆರಳು ಚೀಪಿದ.

"ಭಾರಿ ಆಗ್ಯಾದ ವೈನಿ. ಎಲ್ಲಿ ಸುಟ್ರಿ ಇದನ್ನ?"

ಆಯಿಯ ತುತ್ತು ಅರ್ಧದಲ್ಲೇ ನಿಂತಿತು. ಅವ್ವ ತಲೆ ಎತ್ತದೆ ರೊಟ್ಟಿ ಹಾಕಿದಳು.

"ಮತ್ತೆಲ್ಲಿ ಸುಡ್ತಾರ? ಅಡಗಿ ಒಲ್ಯಾಗ."

ಕಾಕಾ ಸಂಜೆಯ ಬಸ್ಸಿಗೆ ಔರಾದಿಗೆ ಹೋದ. ಗೋಡೆ ಏಳಲಿಲ್ಲ. ಮರುದಿನ ನಸುಕಿನಲ್ಲಿ ಆಯಿ ಅಡುಗೆ ಒಲೆ ಕೆದಕಿ, ಹಂಚಿನ ಚೂರಿನ ಮೇಲೆ ಕೆಂಡ ಹೊತ್ತು ಬಂಬಿಗೆ ಹಾಕಿದಳು. ಅಂದಿನಿಂದ ಕೈ ನಡುಗುವವರೆಗೆ ಒಂದು ದಿನವೂ ತಪ್ಪಿಸಲಿಲ್ಲ. ಅವಳು ಕೆಂಡ ತರುವವರೆಗೆ ಯಾರೂ ಸ್ನಾನ ಮಾಡುವಂತಿರಲಿಲ್ಲ. ಮಣೆ ಹಿತ್ತಲಿಂದ ಕಟ್ಟಿಗೆ ಕೋಣೆಗೆ ಬಂತು. ನನಗೆ ಆಗಲೂ ಅನುಮಾನವಿತ್ತು. ಮುದುಕಿ ಸುಳ್ಳು ಹೇಳಿದ್ದು ಸೊಸೆಯ ಮಾನ ಕಾಯಲಿಕ್ಕೋ, ಮಕ್ಕಳನ್ನು ಕೂಡಿಸಿಡಲಿಕ್ಕೋ, ಅಥವಾ ಹೋದ ರಾಜ್ಯವನ್ನು ಮರಳಿ ಗೆಲ್ಲಲಿಕ್ಕೋ? ಅವರಿಬ್ಬರೂ ಆ ದಿನದ ಬಗ್ಗೆ ಎಂದೂ ಒಂದು ಮಾತೂ ಆಡಿಕೊಳ್ಳಲಿಲ್ಲ. ಸಕ್ಕರೆಯ ಮೇಲೆ ಗೆರೆ ಎಳೆಯುವುದೂ ನಿಲ್ಲಲಿಲ್ಲ.

ಆಯಿ ಹೋಗಿ ಎಷ್ಟೋ ಕಾಲವಾಯಿತು. ನಾನು ಈಗ ಬೀದರಿನಲ್ಲಿದ್ದೇನೆ. ಸ್ವಿಚ್ ಒತ್ತಿದರೆ ನೀರು ಕಾಯುತ್ತದೆ. ಭಾಲ್ಕಿಯ ಮನೆಯಲ್ಲಿ ಆಮೇಲೆ ಹುಟ್ಟಿದ ನನ್ನ ತಮ್ಮನ ಸಂಸಾರದ ಜೊತೆ ಅವ್ವ ಇದ್ದಾಳೆ, ಬಂಬ ಇದೆ, ಅಡುಗೆಗೆ ಗ್ಯಾಸು ಬಂದಿದೆ. ಹೋದ ಚಳಿಗಾಲದಲ್ಲಿ ಹೋಗಿದ್ದಾಗ ಚಹಾ ಇಡಲೆಂದು ನಾನು ಲೈಟರ್ ಹುಡುಕಿದೆ. ಅವ್ವ ಕೈ ಹಿಡಿದು ನಿಲ್ಲಿಸಿ, ಕಟ್ಟಿಗೆ ಕೋಣೆಗೆ ಹೋಗಿ, ಬಂಬಿನಿಂದ ಉರಿಯುವ ತೊಗರಿ ಸಿಬಿರು ತಂದು ಅದರಿಂದ ಗ್ಯಾಸು ಹಚ್ಚಿದಳು. ದಿನಾ ಹೀಗೇ ಅಂತೆ, ಸೊಸೆ ನಗುತ್ತಾಳಂತೆ. ಒಲೆ ಕೆಂಡದಿಂದ ಬಂಬ ಹತ್ತುತ್ತಿತ್ತು, ಈಗ ಬಂಬಿನಿಂದ ಒಲೆ. ಇಷ್ಟು ವರ್ಷ ನುಂಗಿಕೊಂಡಿದ್ದ ಪ್ರಶ್ನೆಯನ್ನು ನಾನು ಕೇಳಿಯೇಬಿಟ್ಟೆ.

"ಅವತ್ತ ಚಾಚಾ ಕಡ್ಡಿ ಗೀರುವಾಗ ನೀ ಯಾಕ ಬ್ಯಾಡ ಅನ್ನಲಿಲ್ಲ ಅವ್ವ?"

ಅವ್ವ ಸಿಬಿರನ್ನು ನೀರಿಗೆ ಅದ್ದಿ ಆರಿಸಿದಳು.

"ಅವರ ಕಿಸೆದಾಗ ಕಡ್ಡಿ ಇರಲಿಲ್ಲ. ನಾನೇ ಕೊಟ್ಟೀನಿ."

ಅವಳು ದೇವರ ಮಾಡದ ಹಿಂದಿನಿಂದ ಒಂದು ಚಿಂದಿಯ ಗಂಟು ತಂದು ಬಿಚ್ಚಿದಳು. ಸವೆದ ಕಡ್ಡಿಪೆಟ್ಟಿಗೆ. ಅದರ ಮೇಲೆ ಒಣಗಿ ಕಪ್ಪಾದ ಕುಂಕುಮದ ಬೆರಳಚ್ಚು. ನಮ್ಮ ಮನೆಯಲ್ಲಿ ದೇವರ ದೀಪ ಹಚ್ಚುತ್ತಿದ್ದವಳು ಅವ್ವ ಒಬ್ಬಳೇ. ಕುಂಕುಮದ ಬೆರಳಿನಿಂದ ಕಡ್ಡಿಪೆಟ್ಟಿಗೆ ಮುಟ್ಟುತ್ತಿದ್ದವಳೂ ಅವಳೊಬ್ಬಳೇ. ಆಯಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ್ದು ನನ್ನ ಕಣ್ಣ ಮುಂದೆ ಬಂತು.

"ಅತ್ತಿ ಹೋದ ದಿನ ಎಲಿ ಚೀಲ ಬಿಚ್ಚಿದ್ರ ಇದಿತ್ತು. ಅಷ್ಟು ವರ್ಷ ಸ್ವಂಟಕ್ಕ ಕಟಗೊಂಡು ಅಡ್ಡಾಡ್ಯಾರ. ಕಾಕಾ ಬಂದ ದಿನ ತಗದು ತೋರಿಸಿದ್ರ ಮುಗೀತಿತ್ತು."

"ಹಂಗಾರ ನಿನ್ನ ಉಳಿಸ್ಯಾಳ ಅಲ್ಲ ಆಯಿ?"

ಅವ್ವ ನಕ್ಕಳು. ನಗುತ್ತಲೇ ಕಣ್ಣು ತುಂಬಿದವು.

"ಉಳಿಸ್ಯಾಳ? ಅಕಿ ಖರೇ ಹೇಳಿದ್ರ ನನಗ ನಂದೊಂದು ಒಲಿ ಸಿಗ್ತಿತ್ತಲ್ಲೇ, ಶಕ್ಕು."

ಚಹಾ ಉಕ್ಕಿತು. ನಾನು ಎದ್ದು ಗ್ಯಾಸು ಆರಿಸಲು ಹೋದೆ. ಹಿಂದಿನಿಂದ ಅವ್ವನ ದನಿ ಬಂತು.

"ಸಣ್ಣ ಮಾಡು, ಆರಿಸಬ್ಯಾಡ. ಮತ್ತ ಹಚ್ಚಬೇಕಾಗ್ತದ."